ಮಕ್ಕಳ ಕೈಗೆ ಮುಕ್ತ ತಂತ್ರಾಂಶ: ಜಮಾಅತ್‌ಗಳು ಯೋಚಿಸಲಿ

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಜಿಲ್ಲೆಯಾದ ರಾಮನಗರಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. ಬೆಂಗಳೂರಿನ ಹೆಸರಿದ್ದರೆ ಉದ್ದಿಮೆಗಳು ಬರುತ್ತವೆ, ಭೂಮಿಗೆ ಬೆಲೆ ಬರುತ್ತದೆ ಎಂದು ಬದಲಾವಣೆಯ ಪರವಾಗಿದ್ದವರು ವಾದಿಸಿದರು. ಊರಿನ ಗುರುತನ್ನು ಅಳಿಸಬೇಡಿರೆಂದು ವಿರೋಧಿಗಳು ಬೀದಿಗಿಳಿದರು. ಆ ವಿವಾದದಲ್ಲಿ ಒಂದು ಪಕ್ಷ ಹಿಡಿಯುವ ಉದ್ದೇಶ ಈ ಬರಹಕ್ಕಿಲ್ಲ. ನಾಡಿನಾದ್ಯಂತ ಬೆಂಗಳೂರೆಂದರೆ ಗಣಕಯಂತ್ರದ ನಗರವೆಂಬ ಖ್ಯಾತಿ ಇದೆ. ಆ ಹೆಸರು ಈಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನೆತ್ತಿಯ ಮೇಲೂ ಇದೆ. ಹೆಸರಿನೊಂದಿಗೆ ವಿದ್ಯೆಯೂ ಬಂದಿದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ನಾಲ್ಕು ಪಟ್ಟಣಗಳ ಪೈಕಿ ಒಂದರಲ್ಲಿ, ಸಮುದಾಯದ ಹಿರಿಯರೇ ನಡೆಸುವ ಒಂದು ಶಾಲೆಗೆ ನಾವು ಹೋಗಿದ್ದೆವು. ಮೇಲಂತಸ್ತಿನ ಕೋಣೆಯೊಂದರಲ್ಲಿ ಎಂಟು ಗಣಕಯಂತ್ರಗಳಿದ್ದವು. ಬೆಂಗಳೂರಿನ ಕಚೇರಿಯೊಂದು ಬಳಸಿ ಬಿಟ್ಟ ಅವುಗಳನ್ನು ಒಬ್ಬ ದಾನಿಗಳು ತಂದುಕೊಟ್ಟಿದ್ದರು. ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆಗಳ ಮೇಲೆ ಧೂಳು ಕೂತಿತ್ತು, ಬಾಗಿಲಿಗೆ ಬೀಗವಿತ್ತು. ಬೀಗ ತೆಗೆದ ಅಧ್ಯಾಪಕಿ ಸಂಕೋಚದಿಂದಲೇ ಕಾರಣ ಹೇಳಿದರು. "ಮೌಲಾನಾ, ಆನ್ ಮಾಡಿದರೆ ಪರದೆಯ ಮೂಲೆಯಲ್ಲಿ 'ಈ ಪ್ರತಿ ಅಸಲಿಯಲ್ಲ' ಎಂದು ಇಂಗ್ಲಿಷಿನಲ್ಲಿ ಬರಹ ಬರುತ್ತದೆ. ಮಕ್ಕಳು ಅದನ್ನು ಓದಿ, ಮಿಸ್, ಯಾವುದು ಅಸಲಿಯಲ್ಲ ಎಂದು ಕೇಳುತ್ತಾರೆ. ನಾನೇನು ಹೇಳಲಿ?"

ಕೆಳಗಿನ ಕೋಣೆಯಲ್ಲಿ ಆಗ ದೀನಿಯಾತ್ ತರಗತಿ ನಡೆಯುತ್ತಿತ್ತು. ತಕ್ಕಡಿಯಲ್ಲಿ ಮೋಸ ಮಾಡುವವನ ಬಗ್ಗೆ ಉಸ್ತಾದರು ಮಕ್ಕಳಿಗೆ ವಿವರಿಸುವುದು ಮೆಟ್ಟಿಲ ಮೇಲೆ ನಿಂತ ನಮಗೆ ಕೇಳುತ್ತಿತ್ತು.

ಆ ಎಂಟು ಯಂತ್ರಗಳಲ್ಲಿದ್ದದ್ದು ವಿಂಡೋಸ್ 7ರ ಕಳ್ಳಪ್ರತಿ. ಅದರ ತಯಾರಕ ಸಂಸ್ಥೆ ಅದಕ್ಕೆ ಭದ್ರತಾ ಪರಿಷ್ಕರಣೆ ನೀಡುವುದನ್ನು 2020ರ ಜನವರಿಯಲ್ಲೇ ನಿಲ್ಲಿಸಿತ್ತು. ಅದರ ನಂತರದ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಯಂತ್ರದೊಳಗೆ ವಿಶೇಷ ಭದ್ರತಾ ಚಿಪ್ ಇರಬೇಕು, ಸರಿಸುಮಾರು 2018ರ ನಂತರದ ಪ್ರೊಸೆಸರ್ ಇರಬೇಕು. ಯಂತ್ರ ಕೆಟ್ಟಿರುವುದಿಲ್ಲ, ಕೀಲಿಮಣೆ ಸರಿಯಾಗಿರುತ್ತದೆ, ಪರದೆ ಬೆಳಗುತ್ತದೆ. ಆದರೂ ಅದು ಮುದಿಯಾಯಿತೆಂದು ದೂರದೂರಿನ ಯಾರೋ ತೀರ್ಮಾನಿಸಿದ್ದಾರೆ. ಹೀಗೆ ತೀರ್ಮಾನಕ್ಕೊಳಗಾದ ಯಂತ್ರಗಳೇ ದಾನದ ಹೆಸರಿನಲ್ಲಿ ನಮ್ಮ ಶಾಲೆಗಳಿಗೆ ಬರುತ್ತವೆ. ನಾವು ಅವಕ್ಕೆ ಕಳ್ಳಪ್ರತಿ ಹಾಕಿಸುತ್ತೇವೆ, ವೈರಸ್ ಬರುತ್ತದೆ, ಅಂಗಡಿಯವನನ್ನು ಕರೆಸುತ್ತೇವೆ, ಅವನು ಮತ್ತೊಂದು ಕಳ್ಳಪ್ರತಿ ಹಾಕುತ್ತಾನೆ, ಕೊನೆಗೆ ಕೋಣೆಗೆ ಬೀಗ ಬೀಳುತ್ತದೆ.

ಕಳ್ಳಪ್ರತಿಯ ವಿಷಯದಲ್ಲಿ ನಮ್ಮ ಸಮುದಾಯದ ಮೌನ ವಿಚಿತ್ರವಾದುದು. ಬಡ್ಡಿಯ ಬಗ್ಗೆ ಫತ್ವಾ ಕೇಳುತ್ತೇವೆ, ಬಿಸ್ಕತ್ತಿನ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ನೋಡುತ್ತೇವೆ. ಆದರೆ ಕದ್ದ ತಂತ್ರಾಂಶದಲ್ಲಿ ಜುಮಾ ಪ್ರವಚನದ ಕರಪತ್ರ ಅಚ್ಚಾಗುತ್ತದೆ. ಉರ್ದು ಅಕ್ಷರ ಜೋಡಣೆಯ ಪ್ರಸಿದ್ಧ ತಂತ್ರಾಂಶ ಇನ್‌ಪೇಜ್ ಹಣ ಕೊಟ್ಟು ಕೊಳ್ಳಬೇಕಾದದ್ದು ಎಂಬುದೇ ನಮ್ಮಲ್ಲಿ ಅನೇಕರಿಗೆ ತಿಳಿಯದಷ್ಟು ಅದರ ಕಳ್ಳಪ್ರತಿ ಸರ್ವೇಸಾಮಾನ್ಯವಾಗಿತ್ತು. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1988ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ನಡೆದ ತನ್ನ ಐದನೆಯ ಅಧಿವೇಶನದಲ್ಲಿ, ಗ್ರಂಥರಚನೆ ಹಾಗೂ ಆವಿಷ್ಕಾರದ ಹಕ್ಕುಗಳು ಶರೀಅತ್‌ನ ದೃಷ್ಟಿಯಲ್ಲಿ ರಕ್ಷಣೆಗೆ ಅರ್ಹವಾಗಿವೆ, ಅವುಗಳ ಅತಿಕ್ರಮಣ ಸಲ್ಲದು ಎಂದು ನಿರ್ಣಯಿಸಿತು. ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದ ಹಿರಿಯ ಉಲಮಾಗಳೂ ಇದ್ದಾರೆ. ಅವರ ವಾದಕ್ಕೂ ತೂಕವಿದೆ. ಆದರೆ ಶಾಲೆಗಳಲ್ಲಿ ಕಳ್ಳಪ್ರತಿ ಬಳಸುವ ನಾವ್ಯಾರೂ ಆ ವಾದವನ್ನು ಓದಿ, ಒಪ್ಪಿ ಬಳಸುತ್ತಿಲ್ಲ. ಸಿಗುತ್ತದೆ, ಆದ್ದರಿಂದ ಬಳಸುತ್ತಿದ್ದೇವೆ.

ಬಡ ಶಾಲೆಯೊಂದು ಏನು ಮಾಡಬೇಕು? ಕೊಳ್ಳಲು ಹಣವಿಲ್ಲ, ಕದಿಯುವುದು ಸಲ್ಲದು. ಮೂರನೆಯ ಹಾದಿ ನಲವತ್ತು ವರ್ಷಗಳಿಂದ ತೆರೆದೇ ಇದೆ.

ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸ ಮಾಡುತ್ತಿದ್ದರು. ಅವರ ಪ್ರಯೋಗಾಲಯದ ಮುದ್ರಣ ಯಂತ್ರದಲ್ಲಿ ಪದೇಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ತಂತ್ರಾಂಶವನ್ನು ತಿದ್ದಿ ತೊಂದರೆ ಸರಿಪಡಿಸೋಣವೆಂದು ಅವರು ಅದರ ಮೂಲ ಬರಹವನ್ನು ಕೇಳಿದರು. ಅದನ್ನು ಬಲ್ಲವರು, ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿದ್ದೇವೆಂದು ಕೊಡಲು ನಿರಾಕರಿಸಿದರು. ನೆರೆಯವನಿಗೆ ನೆರವಾಗುವುದನ್ನೇ ನಿಷೇಧಿಸುವ ಕರಾರು ಎಂಥದು ಎಂದು ಕೆರಳಿದ ಅವರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ಯಾರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಸಂಪೂರ್ಣ ಕಾರ್ಯಾಚರಣೆ ವ್ಯವಸ್ಥೆಯನ್ನು ಕಟ್ಟುವುದು ಅದರ ಗುರಿಯಾಗಿತ್ತು. 1991ರಲ್ಲಿ ಹೆಲ್ಸಿಂಕಿಯ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದಕ್ಕೆ ಬೇಕಿದ್ದ ತಿರುಳನ್ನು ಬರೆದ. ಎರಡೂ ಸೇರಿ ಇಂದು ಲಿನಕ್ಸ್ ಎಂದು ಕರೆಯಲ್ಪಡುವ ವ್ಯವಸ್ಥೆ ಆಯಿತು. ಇದು ಬಡವರ ಪಾಲಿನ ಎರಡನೇ ದರ್ಜೆಯ ಸರಕೆಂದು ಯಾರೂ ಭಾವಿಸಬಾರದು. ಜಗತ್ತಿನ ಅತಿ ವೇಗದ 500 ಗಣಕಗಳ ಪಟ್ಟಿಯಲ್ಲಿರುವ ಎಲ್ಲವೂ 2017ರಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ನಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ.

ಸ್ವಾತಂತ್ರ್ಯಕ್ಕೂ ಬಿಟ್ಟಿಗೂ ಇಂಗ್ಲಿಷಿನಲ್ಲಿ ಒಂದೇ ಪದವಿರುವುದರಿಂದ ಅಲ್ಲಿ ದೊಡ್ಡ ಗೊಂದಲವೇ ನಡೆಯಿತು. ನಮಗೆ ಆ ಕಷ್ಟವಿಲ್ಲ. ಕನ್ನಡದಲ್ಲಿ ಉಚಿತ ಬೇರೆ, ಸ್ವತಂತ್ರ ಬೇರೆ. ಮನೆಯಲ್ಲಾಡುವ ಉರ್ದುವಿನಲ್ಲಿ ಮುಫ್ತ್ ಬೇರೆ, ಆಝಾದ್ ಬೇರೆ. ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಮುಂತಾದವು ಉಚಿತವಾಗಿಯೂ ದೊರೆಯುತ್ತವೆ. ನಮ್ಮ ಲಕ್ಷ್ಯವಿರಬೇಕಾದದ್ದು ಅವುಗಳ ಸ್ವಾತಂತ್ರ್ಯದ ಮೇಲೆ.

ಆ ಸ್ವಾತಂತ್ರ್ಯವನ್ನು ಕಾಯುವ ಪರವಾನಗಿಯನ್ನು ನಾವು ಮೊದಲ ಬಾರಿಗೆ ಓದಿದಾಗ ಮದ್ರಸಾದಲ್ಲಿ ಓದಿದ ಕಿತಾಬುಲ್ ವಕ್ಫ್ ನೆನಪಾಯಿತು. ಖೈಬರ್‌ನಲ್ಲಿ ತಮಗೆ ದೊರೆತ ಬೆಲೆಬಾಳುವ ಭೂಮಿಯ ಬಗ್ಗೆ ಹಝ್ರತ್ ಉಮರ್(ರ) ಪ್ರವಾದಿವರ್ಯರ(ಸ) ಸಲಹೆ ಕೇಳಿದರು. ಬಳಿಕ, ಆ ಭೂಮಿ ಮಾರಾಟವಾಗದಂತೆ, ದಾನವಾಗಿ ಯಾರ ಪಾಲೂ ಆಗದಂತೆ, ವಾರಸುದಾರರಿಗೆ ಹಂಚಿಹೋಗದಂತೆ, ಫಲ ಮಾತ್ರ ಬಡವರಿಗೂ ದಾರಿಹೋಕರಿಗೂ ಸಲ್ಲುತ್ತಿರುವಂತೆ ಅದನ್ನು ಕಟ್ಟಿಟ್ಟರು. 1989ರಲ್ಲಿ ಬರೆಯಲಾದ ಜಿಪಿಎಲ್ ಪರವಾನಗಿ ಮಾಡಿದ್ದೂ ಇದಕ್ಕೆ ಸಮೀಪದ ಕೆಲಸ. ತಂತ್ರಾಂಶವನ್ನು ಬಳಸು, ತಿದ್ದು, ಬೇಕಾದರೆ ದುಡ್ಡಿಗೂ ಕೊಡು. ಆದರೆ ನಿನಗೆ ದೊರೆತ ಹಕ್ಕನ್ನು ನಿನ್ನಿಂದ ಪಡೆಯುವವನಿಗೆ ನಿರಾಕರಿಸುವಂತಿಲ್ಲ; ತೆರೆದದ್ದನ್ನು ಮುಚ್ಚಿ ನಿನ್ನ ಸೊತ್ತಾಗಿಸುವಂತಿಲ್ಲ. ಹೋಲಿಕೆ ಪೂರ್ಣವಲ್ಲ, ಫಿಕ್ಹ್ ಬಲ್ಲವರು ವ್ಯತ್ಯಾಸಗಳನ್ನು ತೋರಿಸಬಹುದು. ಆದರೂ ವಕ್ಫ್ ಭೂಮಿಯ ಅತಿಕ್ರಮಣ, ಕಾಯಿದೆ ತಿದ್ದುಪಡಿ ಎಂದು ಪ್ರತಿದಿನ ಮಾತನಾಡುವ ಸಮುದಾಯಕ್ಕೆ, ಜಗತ್ತಿನ ಎಲ್ಲೆಡೆಯ ಸಾವಿರಾರು ಅಪರಿಚಿತರು ಸೇರಿ ಕಟ್ಟಿಟ್ಟ ಇಂತಹದೊಂದು ಆಸ್ತಿಯ ಪರಿಚಯ ಇರಬೇಕಿತ್ತು.

ಮದ್ರಸಾದಲ್ಲಿ ನಾವು ಓದಿದ ಕಿತಾಬುಗಳಲ್ಲಿ ಮೂಲಪಾಠವಾದ ಮತನ್ ನಡುವೆ ಇರುತ್ತಿತ್ತು. ಅದಕ್ಕೆ ಶರ್ಹ್, ಶರ್ಹ್‌ಗೆ ಅಂಚಿನಲ್ಲಿ ಹಾಶಿಯಾ. ಯಾರು ಏನು ಸೇರಿಸಿದರು, ಯಾರು ಯಾರನ್ನು ತಿದ್ದಿದರು ಎಂಬುದೆಲ್ಲ ಪುಟದ ಮೇಲೇ ಕಾಣುತ್ತಿತ್ತು. ಮೂಲವನ್ನು ತೋರಿಸದೆ ಫಲಿತಾಂಶ ಮಾತ್ರ ಕೊಡುವ ಕಿತಾಬನ್ನು ಯಾವ ಉಸ್ತಾದರೂ ಪಾಠಕ್ಕೆ ಇಡುತ್ತಿರಲಿಲ್ಲ. ಮುಕ್ತ ತಂತ್ರಾಂಶದ ಯಾವುದೇ ಕಡತವನ್ನು ತೆರೆದು ನೋಡಿ. ಯಾವ ಸಾಲನ್ನು ಯಾರು, ಯಾವ ದಿನ, ಏಕೆ ಬದಲಿಸಿದರು ಎಂಬ ದಾಖಲೆ ಜೊತೆಗೇ ಇರುತ್ತದೆ.

ಈ ಪಟ್ಟಣಗಳ ಮಕ್ಕಳಿಗೆ ಇದು ಏಕೆ ಮುಖ್ಯ ಎಂಬುದನ್ನು ತಿಳಿಯಲು ಅವರ ತಂದೆಯರ ಕಸುಬುಗಳನ್ನು ನೋಡಬೇಕು.

ಚನ್ನಪಟ್ಟಣದ ಬೊಂಬೆಯ ಕಲೆ ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಬಂತೆಂಬ ಪ್ರತೀತಿ ಇದೆ. ಮುಂದೆ ಬಾವಾಸ್ ಮಿಯಾನರು ಅದಕ್ಕೆ ಜಪಾನಿನ ತಂತ್ರಗಳನ್ನು ಸೇರಿಸಿ ಸ್ಥಳೀಯರಿಗೆ ಕಲಿಸಿದರೆಂದು ಅಲ್ಲಿಯವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಆಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದರೆ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕಲಿಯಲು ಬಂದ ಹುಡುಗನಿಗೆ ಉಸ್ತಾದ್ ಬೊಂಬೆ ಮಾಡುವುದನ್ನು ಮಾತ್ರ ಹೇಳಿಕೊಡುವುದಿಲ್ಲ. ಉಳಿ ಮಸೆಯುವುದನ್ನು, ಲೇತ್ ಬಿಗಿಮಾಡುವುದನ್ನು, ಅರಗಿಗೆ ಬಣ್ಣ ಬೆರೆಸುವುದನ್ನೂ ಕಲಿಸುತ್ತಾನೆ. ಕಸುಬು ತಲೆಮಾರುಗಳ ಕಾಲ ಉಳಿದದ್ದು ಉಪಕರಣದ ಒಳಗೂ ಕೈಯಾಡಿಸುವ ಈ ಪರಿಪಾಠದಿಂದ.

ರಾಮನಗರದ ರೇಷ್ಮೆಯಲ್ಲಿ ಕತೆ ಬೇರೆ ದಾರಿ ಹಿಡಿಯಿತು. ಏಷ್ಯಾದ ಅತಿ ದೊಡ್ಡ ಗೂಡಿನ ಮಾರುಕಟ್ಟೆ ಎಂಬ ಹೆಗ್ಗಳಿಕೆಯ ಆ ಊರಿನಲ್ಲಿ ನೂಲು ಬಿಚ್ಚುವ ಕಸುಬನ್ನು ಹಿಡಿದವರಲ್ಲಿ ಬಹಳಷ್ಟು ಮಂದಿ ನಮ್ಮವರು. ಚರಕವನ್ನಾಗಲಿ ಬೇಸಿನ್ನನ್ನಾಗಲಿ ಕೆಟ್ಟಾಗ ಬೀದಿಯ ಬಡಗಿ, ಕಮ್ಮಾರರೇ ರಿಪೇರಿ ಮಾಡುತ್ತಿದ್ದರು. ಈಗ ಚೀನಾದಿಂದ ಬಂದ ಸ್ವಯಂಚಾಲಿತ ಯಂತ್ರಗಳಿವೆ. ನೂಲು ಉತ್ತಮ, ಬೆಲೆಯೂ ಉತ್ತಮ. ಆದರೆ ಸಣ್ಣ ರೀಲರ್‌ಗೆ ಅದು ಎಟುಕದು, ಒಳಗೇನಿದೆ ಎಂಬುದೂ ತಿಳಿಯದು. ಮಾರುಕಟ್ಟೆಯ ಹರಾಜು ಕೂಡ ಗಣಕಕ್ಕೆ ಬಂದಿದೆ. ಬೆರಳಿನಿಂದ ಗೂಡು ಹಿಸುಕಿ ಗುಣ ಅಳೆಯಬಲ್ಲ ಹಿರಿಯರು ಪರದೆಯ ಮೇಲಿನ ಅಂಕಿಯ ಅರ್ಥವನ್ನು ಮಗನಿಂದ ಕೇಳಿ ತಿಳಿಯುತ್ತಾರೆ. ಮಗ ಸಂಖ್ಯೆಯನ್ನು ಓದಿ ಹೇಳುತ್ತಾನೆ. ಆ ಸಂಖ್ಯೆ ಎಲ್ಲಿಂದ ಬಂತೆಂದು ಅವನಿಗೂ ತಿಳಿದಿಲ್ಲ.

ಇನ್ನೊಂದು ನೋವಿನ ಸಂಗತಿಯನ್ನೂ ಮರೆಯಬಾರದು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತ ಮಕ್ಕಳ ಬಗ್ಗೆ ವರದಿ ಪ್ರಕಟಿಸಿದಾಗ ಅದರಲ್ಲಿ ಕರ್ನಾಟಕದ ನೂಲು ಬಿಚ್ಚುವ ಘಟಕಗಳ ಮಕ್ಕಳ ಪಾಡೂ ಇತ್ತು. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕುತ್ತಿದ್ದ ಆ ಕೈಗಳು ಈಗ ಮೂವತ್ತರ ಆಚೆಗಿನವರ ಕೈಗಳು. ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಇದು ಸಣ್ಣ ಗೆಲುವಲ್ಲ. ಆ ಮಕ್ಕಳಿಗೆ ಶಾಲೆಯಲ್ಲಿ ಗಣಕವೆಂದರೆ ಯಾವ ಗುಂಡಿ ಒತ್ತಬೇಕೆಂಬ ಪಾಠವಷ್ಟೇ ಸಿಕ್ಕಿದರೆ, ಅವರು ತಂದೆಯಂತೆಯೇ ಇನ್ನೊಬ್ಬರ ಯಂತ್ರದ ಮುಂದೆ ಕೂಲಿಗೆ ನಿಲ್ಲುತ್ತಾರೆ, ಕುರ್ಚಿಯೊಂದು ಸಿಕ್ಕಿರುತ್ತದೆ ಅಷ್ಟೆ.

ನಮ್ಮದೇ ಭಾಷೆಯ ಮಕ್ಕಳು ಬೇರೆ ರೀತಿಯಲ್ಲಿ ಕಲಿಯುತ್ತಿರುವ ಒಂದು ಪ್ರದೇಶ ಗಡಿಯಾಚೆಗೇ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಹೋಗಿ ನೋಡಿ. ಮಂಜೇಶ್ವರ, ಕುಂಬಳೆ ಕಡೆಯ ಮುಸ್ಲಿಮ್ ಮಕ್ಕಳೂ ಓದುವ ಆ ಶಾಲೆಗಳ ಗಣಕಗಳಲ್ಲಿರುವುದು ಲಿನಕ್ಸ್. ಗಣಕದ ಪಠ್ಯಪುಸ್ತಕ ಕನ್ನಡದಲ್ಲೇ ಅಚ್ಚಾಗುತ್ತದೆ. ಕೇರಳ ಸರಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿದಾಗ ಅಲ್ಲಿಯೂ ಒಂದು ಕಂಪೆನಿಯ ತಂತ್ರಾಂಶವೇ ಪಾಠವಾಗಿತ್ತು. ಸರಕಾರಿ ಶಾಲೆಯ ಪಠ್ಯ ಒಂದು ಕಂಪೆನಿಯ ಜಾಹೀರಾತಾಗುವುದೇ ಎಂದು ಅಧ್ಯಾಪಕರ ಸಂಘಟನೆಗಳು ಪ್ರಶ್ನಿಸಿದವು, ಚಳವಳಿಗಾರರು ಬೆಂಬಲಕ್ಕೆ ನಿಂತರು. ಆ ದಶಕ ಮುಗಿಯುವ ವೇಳೆಗೆ ಶಾಲೆಗಳು ಸ್ವತಂತ್ರ ತಂತ್ರಾಂಶಕ್ಕೆ ಬದಲಾಗಿದ್ದವು. 2017ರಲ್ಲಿ ಯೋಜನೆಯು ಕೈಟ್ ಎಂಬ ಸಂಸ್ಥೆಯಾಯಿತು. 2019ರಲ್ಲಿ ಉಬುಂಟು ಆಧಾರಿತ ಹೊಸ ಆವೃತ್ತಿಯನ್ನು ಎರಡು ಲಕ್ಷಕ್ಕೂ ಅಧಿಕ ಗಣಕಗಳಿಗೆ ಹಾಕುವ ಸಂದರ್ಭದಲ್ಲಿ, ಇದರಿಂದ 3,000 ಕೋಟಿ ರೂಪಾಯಿ ಉಳಿಯಿತೆಂದು ಅದು ಹೇಳಿಕೊಂಡಿತು. ಅಷ್ಟೂ ತಂತ್ರಾಂಶವನ್ನು ಹಣ ಕೊಟ್ಟು ಕೊಂಡಿದ್ದರೆ ಎಂಬ ಊಹೆಯ ಮೇಲೆ ನಿಂತ ಲೆಕ್ಕವದು. ಅದರಲ್ಲಿ ಅರ್ಧವನ್ನು ಕಳೆದರೂ ನಮ್ಮ ಬಡ ಶಾಲೆಗಳಿಗೆ ಅದರಲ್ಲಿ ಪಾಠವಿದೆ. ಹಣಕ್ಕಿಂತ ಹೆಚ್ಚಾಗಿ ನಮ್ಮ ಗಮನ ಸೆಳೆದದ್ದು, ಅಲ್ಲಿನ ಅಧ್ಯಾಪಕರು ತಮ್ಮ ವಿಷಯಕ್ಕೆ ಬೇಕಾದ್ದನ್ನು ತಾವೇ ಸೇರಿಸಿ, ಬೇಡದ್ದನ್ನು ತೆಗೆದು ಮಕ್ಕಳಿಗಾಗಿ ವ್ಯವಸ್ಥೆಯನ್ನು ರೂಪಿಸಿಕೊಂಡ ರೀತಿ.

ಕರ್ನಾಟಕವೇನೂ ಬರಿದಾಗಿಲ್ಲ. 2011ರಿಂದ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ಸರಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ಉಬುಂಟುವಿನಲ್ಲೇ ತರಬೇತಿ ಕೊಟ್ಟಿತು. ಬೆಂಗಳೂರಿನ ಗುರಪ್ಪನಪಾಳ್ಯದ ಬಳಿಯ ಕೊಳೆಗೇರಿಯೊಂದರಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಸ್ವಯಂಸೇವಕರು ಅಂಬೇಡ್ಕರ್ ಹೆಸರಿನ ಸಮುದಾಯ ಗಣಕ ಕೇಂದ್ರವನ್ನು ನಡೆಸಿ, ಹಳೆಯ ಯಂತ್ರಗಳಲ್ಲೇ ಮಕ್ಕಳಿಗೆ ಚಿತ್ರ ಬಿಡಿಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದರು. ಅದು ನಮ್ಮ ಪಟ್ಟಣಗಳಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಜಾಗ. ಸರಕಾರದ ಆದೇಶವನ್ನೂ ದೊಡ್ಡ ಅನುದಾನವನ್ನೂ ಅವರು ಕಾಯಲಿಲ್ಲ.

ನಮ್ಮಲ್ಲಿ ಚರ್ಚೆ ಬೇರೆಲ್ಲೋ ಸಿಕ್ಕಿಕೊಂಡಿದೆ. ಸರಕಾರಗಳು ಬದಲಾದಾಗಲೆಲ್ಲ ಮದ್ರಸಾಗಳಿಗೆ ಕಂಪ್ಯೂಟರ್ ಎಂಬ ಘೋಷಣೆ ಹೊರಡುತ್ತದೆ. ಒಂದು ಪಕ್ಷ ಅದನ್ನು ಓಲೈಕೆ ಎನ್ನುತ್ತದೆ, ಇನ್ನೊಂದು ಆಧುನೀಕರಣ ಎನ್ನುತ್ತದೆ, ನಮ್ಮವರಲ್ಲಿ ಕೆಲವರು ಹಸ್ತಕ್ಷೇಪ ಎನ್ನುತ್ತಾರೆ. 2006ರ ಸಾಚಾರ್ ಸಮಿತಿ ವರದಿಯನ್ನು ಈ ಮೂವರೂ ಭಾಷಣಗಳಲ್ಲಿ ಉಲ್ಲೇಖಿಸುತ್ತಾರೆ. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಾಗಳಿಗೆ ಹೋಗುವವರು ಶೇ. 3ರ ಆಸುಪಾಸು ಮಾತ್ರ ಎಂದು ಅದೇ ವರದಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಉಳಿದವರು ಸರಕಾರಿ ಶಾಲೆಗಳಲ್ಲಿದ್ದಾರೆ, ನಮ್ಮದೇ ಟ್ರಸ್ಟುಗಳ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿದ್ದಾರೆ, ಕೆಲವರು ಎಲ್ಲಿಯೂ ಇಲ್ಲ. ಬೀಗ ಬಿದ್ದ ಆ ಮೇಲಂತಸ್ತಿನ ಕೋಣೆಗೂ ಯಾವ ಸರಕಾರಕ್ಕೂ ಸಂಬಂಧವಿಲ್ಲ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಅಲ್-ಖ್ವಾರಿಝ್ಮಿಯ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವ ನಾವೇ ಆ ಬೀಗದ ಕೀಲಿಯನ್ನೂ ಇಟ್ಟುಕೊಂಡಿದ್ದೇವೆ.

ಇಲ್ಲಿ ಒಂದು ಪ್ರಯೋಗದ ಕತೆಯನ್ನು ಹೇಳಲೇಬೇಕು. 2007ರಲ್ಲಿ ಉಬುಂಟು ಮುಸ್ಲಿಮ್ ಎಡಿಷನ್ ಎಂಬುದೊಂದು ಬಂತು. ಕುರ್‌ಆನ್ ಓದುವ ತಂತ್ರಾಂಶ, ನಮಾಝ್ ಸಮಯ ತಿಳಿಸುವ ಸಾಧನ, ಹಿಜ್ರಿ ಪಂಚಾಂಗ, ಅಶ್ಲೀಲ ತಾಣಗಳನ್ನು ತಡೆಯುವ ಜಾಲರಿ ಎಲ್ಲವನ್ನೂ ಮೊದಲೇ ಜೋಡಿಸಿದ್ದ ಅದು ಮುಂದೆ ಸಬೀಲಿ, ಅಂದರೆ ನನ್ನ ದಾರಿ, ಎಂದು ಹೆಸರು ಬದಲಿಸಿಕೊಂಡಿತು. ಸಮುದಾಯದ ಯುವಕರು ಹೆಮ್ಮೆಪಟ್ಟರು. 2011ರ ಆವೃತ್ತಿಯ ನಂತರ ಅದು ನಿಂತುಹೋಯಿತು. ಹೆಮ್ಮೆ ಪಟ್ಟವರಿಗೆ ಹೋಲಿಸಿದರೆ ಕೆಲಸಕ್ಕೆ ಕೈ ಹಚ್ಚಿದವರು ತೀರ ಕಡಿಮೆ. ಮುಸ್ಲಿಮ್ ಎಂಬ ಹಣೆಪಟ್ಟಿಯ ಪ್ರತ್ಯೇಕ ವ್ಯವಸ್ಥೆ ಮಕ್ಕಳಿಗೆ ಬೇಕೆಂದು ನಮಗನ್ನಿಸುವುದಿಲ್ಲ. ಆ ಸಾಧನಗಳನ್ನು ಯಾವ ಲಿನಕ್ಸ್‌ಗಾದರೂ ಸೇರಿಸಿಕೊಳ್ಳಬಹುದು. ನಾಲ್ಕು ಜನರಿಗೆ ಉಪಯುಕ್ತವಾದುದನ್ನು ಮಾಡಿ ಎಲ್ಲರ ಕೈಗೆ ಬಿಟ್ಟ ಒಬ್ಬ ಇರಾನೀಯನ ಉದಾಹರಣೆ ಸಾಕು. ಬೆಹ್ದಾದ್ ಇಸ್ಫಹ್‌ಬೋದ್ ಎಂಬ ಆತ ಹಾರ್ಫ್‌ಬಝ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವನ್ನು ಮುಂದೆ ನಿಂತು ಕಟ್ಟಿದರು. ಫಾರ್ಸಿಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಝ್ ಎಂದರೆ ತೆರೆದ. ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆ ಆಫೀಸ್‌ನಲ್ಲಿ ಕನ್ನಡದ ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರುವುದು ಅದರ ನೆರವಿನಿಂದ. ಚನ್ನಪಟ್ಟಣದ ಲೇತ್‌ಗಷ್ಟೇ ಅಲ್ಲ, ನಮ್ಮ ಫೋನಿನಲ್ಲಿ ಕನ್ನಡ ಮೂಡುವುದಕ್ಕೂ ಒಂದು ಪರ್ಷಿಯಾದ ನಂಟಿದೆ ಎಂದರೆ ಅಲ್ಲಿಯ ಮಕ್ಕಳು ಖಂಡಿತ ಕಣ್ಣರಳಿಸುತ್ತಾರೆ.

ಮಕ್ಕಳು ಅದರಲ್ಲಿ ಮಾಡುವುದಾದರೂ ಏನು ಎಂದು ಒಬ್ಬ ಮುತವಲ್ಲಿ ಸಾಹೇಬರು ನಮ್ಮನ್ನು ಕೇಳಿದ್ದರು. ಚಿಕ್ಕವರಿಗೆ ಟಕ್ಸ್ ಪೇಂಟ್ ಇದೆ, ಆಡುತ್ತಾ ಕಲಿಯಲು ಜಿಕಾಂಪ್ರಿ ಇದೆ, ದೊಡ್ಡವರಿಗೆ ಸ್ಕ್ರ್ಯಾಚ್ ಇದೆ, ರೇಖಾಗಣಿತಕ್ಕೆ ಜಿಯೋಜೀಬ್ರಾ ಇದೆ. ಅವರಿಗೆ ನಾವು ತೋರಿಸಿದ್ದು ಸ್ಟೆಲ್ಲೇರಿಯಮ್ ಎಂಬ ಆಕಾಶದರ್ಶಕವನ್ನು. ಊರನ್ನು ರಾಮನಗರವೆಂದು ಆರಿಸಿ, ಶಅಬಾನ್ 29ರ ಮಗ್ರಿಬ್ ಹೊತ್ತಿಗೆ ಗಡಿಯಾರವನ್ನು ತಿರುಗಿಸಿದರೆ, ಆ ಸಂಜೆ ಚಂದ್ರ ದಿಗಂತದಿಂದ ಎಷ್ಟು ಮೇಲಿರುತ್ತಾನೆ, ಯಾವ ದಿಕ್ಕಿನಲ್ಲಿರುತ್ತಾನೆ ಎಂಬುದು ಪರದೆಯ ಮೇಲೆ ಮೂಡುತ್ತದೆ. ಮುತವಲ್ಲಿ ಸಾಹೇಬರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. (ಇದರಿಂದ ಈದ್‌ನ ದಿನದ ಜಗಳ ಮುಗಿಯುತ್ತದೆಂಬ ಭ್ರಮೆ ನಮಗಿಲ್ಲ.) ಅಲ್ದೆಬರಾನ್ ಎಂಬ ಕೆಂಪು ತಾರೆಯನ್ನು ತೋರಿಸಿ, ಇದು ಅರಬಿಯ ಅದ್ದಬರಾನ್, ಕೃತ್ತಿಕೆಯನ್ನು ಹಿಂಬಾಲಿಸುವ ತಾರೆ, ನಮ್ಮ ರೈತರು ರೋಹಿಣಿ ಎನ್ನುವುದೂ ಇದನ್ನೇ ಎಂದೆವು. ಜೊತೆಗಿದ್ದ ಏಳನೇ ತರಗತಿಯ ಹುಡುಗಿಯೊಬ್ಬಳು, ಹಾಗಾದರೆ ಹೆಸರು ಬದಲಾಯಿಸಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ. ತಾರೆಗಳ ಹೆಸರಿನ ಪಟ್ಟಿ ಒಂದು ತೆರೆದ ಕಡತದಲ್ಲಿದೆ, ಕನ್ನಡದ ಹೆಸರನ್ನು ಸೇರಿಸಬಹುದು, ಸರಿಯಿದ್ದರೆ ಅದನ್ನು ಕಟ್ಟುವವರಿಗೂ ಕಳಿಸಬಹುದು. ಮುಚ್ಚಿದ ತಂತ್ರಾಂಶದಲ್ಲಿ ಆ ಪ್ರಶ್ನೆಗೆ ಉತ್ತರ ಇಲ್ಲ ಎಂಬುದಾಗಿರುತ್ತಿತ್ತು. ಹುಡುಗಿ ಮುಂದೆ ಏನನ್ನೂ ಕೇಳುತ್ತಿರಲಿಲ್ಲ.

ಹುಡುಗಿ ಎಂದು ಬರೆದದ್ದು ಬೇಕೆಂದೇ. ಮನೆಯಲ್ಲಿ ಗಣಕವಿದ್ದರೆ ಅದು ಅಣ್ಣನ ಕೋಣೆಯಲ್ಲಿರುತ್ತದೆ. ಮೊಹಲ್ಲಾದ ಸೈಬರ್ ಅಂಗಡಿಗೆ ಮಗಳನ್ನು ಕಳಿಸುವವರು ವಿರಳ. ಶಾಲೆಯ ಆ ಬೀಗ ಹಾಕಿದ ಕೋಣೆ ಅವಳಿಗಿರುವ ಒಂದೇ ಬಾಗಿಲು.

ಆಕ್ಷೇಪಗಳಿವೆ, ಅವುಗಳಲ್ಲಿ ಕೆಲವು ನ್ಯಾಯವಾದವು. ಅಂಗಡಿಗಳಲ್ಲಿ, ಲೆಕ್ಕಪತ್ರದ ಕೆಲಸಗಳಲ್ಲಿ ಕೇಳುವುದು ವಿಂಡೋಸ್ ಮತ್ತು ಟ್ಯಾಲಿಯನ್ನು. ಲಿನಕ್ಸ್ ಕಲಿತವನಿಗೆ ಕೆಲಸ ಯಾರು ಕೊಡುತ್ತಾರೆ ಎಂದು ಪೋಷಕರು ಕೇಳುತ್ತಾರೆ. ಪಿಯುಸಿ ಮುಗಿಸಿ ಕೆಲಸ ಹುಡುಕುವ ಹುಡುಗ ಟ್ಯಾಲಿ ಕಲಿಯಲಿ, ಖಂಡಿತ ಕಲಿಯಲಿ. ಅದು ಮೂರು ತಿಂಗಳ ವಿದ್ಯೆ. ಹತ್ತು ವರ್ಷದ ಮಗುವನ್ನು ನಾವು ಅಂಗಡಿಯ ಗುಮಾಸ್ತಗಿರಿಗೆ ಸಿದ್ಧಪಡಿಸುತ್ತಿಲ್ಲ. ಅದು ಬೆಳೆದು ಕೆಲಸಕ್ಕೆ ಸೇರುವ ಹೊತ್ತಿಗೆ ಇಂದಿನ ಗುಂಡಿಗಳ ಜಾಗವೆಲ್ಲ ಬದಲಾಗಿರುತ್ತದೆ. ಕಡತ ಎಂದರೇನು, ಅನುಮತಿ ಎಂದರೇನು, ಒಂದು ಕೆಲಸವನ್ನು ಯಂತ್ರಕ್ಕೆ ಹಂತಹಂತವಾಗಿ ಹೇಗೆ ಹೇಳಬೇಕು ಎಂಬ ತಿಳಿವಳಿಕೆ ಬದಲಾಗುವುದಿಲ್ಲ. ನಮ್ಮ ಊರಿನ ರಿಪೇರಿಯವರಿಗೆ ಲಿನಕ್ಸ್ ಬರುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ನಿಜ. ಕೆಲವು ಮುದ್ರಣ ಯಂತ್ರಗಳು ಮೊಂಡುತನ ಮಾಡುತ್ತವೆ, ಹಳೆಯ ನುಡಿ ಕಡತಗಳು ಯೂನಿಕೋಡ್‌ಗೆ ಪರಿವರ್ತನೆಯಾಗದೆ ತೆರೆಯುವುದಿಲ್ಲ. ಮೊದಲ ಆರು ತಿಂಗಳು ತಾಳ್ಮೆ ಬೇಕು. ಮೂರನೆಯದು ಅಂತರ್ಜಾಲದ ಭಯ. ಲಿನಕ್ಸ್ ಹಾಕಿದ ಮಾತ್ರಕ್ಕೆ ಕೆಟ್ಟದ್ದು ಒಳಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮೇಲೆ ಹೇಳಿದ ಟಕ್ಸ್ ಪೇಂಟ್, ಜಿಕಾಂಪ್ರಿ, ಸ್ಟೆಲ್ಲೇರಿಯಮ್ ಮೂರೂ ಅಂತರ್ಜಾಲದ ಸಂಪರ್ಕವೇ ಇಲ್ಲದೆ ನಡೆಯುತ್ತವೆ. ಮೊದಲ ವರ್ಷ ತಂತಿಯನ್ನೇ ಎಳೆಯದಿದ್ದರೂ ನಷ್ಟವಿಲ್ಲ.

ಆರಂಭಿಸಲು ದೊಡ್ಡ ಸಮಿತಿ ಬೇಡ. ಒಂದು ಪೆನ್ ಡ್ರೈವ್‌ನಲ್ಲಿ ಲಿನಕ್ಸ್ ತುಂಬಿಕೊಂಡರೆ ಯಂತ್ರದ ಹಾರ್ಡ್ ಡಿಸ್ಕ್ ಮುಟ್ಟದೆಯೇ ಅದರಿಂದ ಗಣಕವನ್ನು ಚಾಲೂ ಮಾಡಿ ನೋಡಬಹುದು. ಇಷ್ಟವಾಗದಿದ್ದರೆ ಪೆನ್ ಡ್ರೈವ್ ಕಿತ್ತುಕೊಂಡು ಮೊದಲಿನಂತೆ ಬಳಸಬಹುದು. ನಾಲ್ಕು ಜಿಬಿ ಮೆಮೊರಿಯ ಹತ್ತು ವರ್ಷ ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಲುಬುಂಟು ಹಗುರವಾಗಿ ಹೊಂದುತ್ತದೆ. ಕನ್ನಡ ಮತ್ತು ಉರ್ದು ಕೀಲಿಮಣೆಗಳು ಒಳಗೇ ಇವೆ. ಕಲಿಸುವವರು ಎಲ್ಲಿ ಎಂದು ಕೇಳುವ ಮೊದಲು ಸುತ್ತ ನೋಡಬೇಕು. ರಾಮನಗರದಲ್ಲಿ 1980ರಲ್ಲಿ ಸ್ಥಾಪನೆಯಾದ ಘೌಸಿಯಾ ಇಂಜಿನಿಯರಿಂಗ್ ಕಾಲೇಜಿದೆ, ಸರಕಾರಿ ಇಂಜಿನಿಯರಿಂಗ್ ಕಾಲೇಜೂ ಇದೆ. ಕನಕಪುರ, ಮಾಗಡಿಗಳಿಂದ ದಿನವೂ ಬಸ್ಸು ಹತ್ತಿ ಬೆಂಗಳೂರಿನ ತಂತ್ರಾಂಶ ಕಚೇರಿಗಳಿಗೆ ಹೋಗಿಬರುವ ನಮ್ಮ ಯುವಕ ಯುವತಿಯರಿದ್ದಾರೆ. ಕಚೇರಿಯಲ್ಲಿ ಅವರಲ್ಲಿ ಅನೇಕರು ಕೆಲಸ ಮಾಡುವುದೇ ಲಿನಕ್ಸ್ ಮೇಲೆ. ಭಾನುವಾರದ ಎರಡು ಗಂಟೆಯನ್ನು ಅವರಿಂದ ಕೇಳಿ ಪಡೆಯುವ ಕೆಲಸವನ್ನು ಜಮಾಅತ್ ಮಾಡಬೇಕು. ಬೇಸಿಗೆಯಲ್ಲಿ ಮಸೀದಿಗೆ ಏರ್ ಕೂಲರ್ ಕೊಡಿಸುವ ದಾನಿಗಳಲ್ಲಿ ಒಬ್ಬರು ಈ ಸಲ ಆರು ಹಳೆಯ ಗಣಕಗಳಿಗೆ ಹೊಸ ಎಸ್‌ಎಸ್‌ಡಿ ಡಿಸ್ಕ್ ಕೊಡಿಸಿದರೂ ಸಾಕು, ಯಂತ್ರಗಳ ವೇಗದ ಬಗ್ಗೆ ದೂರು ಉಳಿಯುವುದಿಲ್ಲ.

ಆ ಎಂಟು ಗಣಕಗಳ ಶಾಲೆಗೆ ನಾವು ಎರಡನೆಯ ಬಾರಿ ಹೋದಾಗ ಪೆನ್ ಡ್ರೈವ್ ಒಯ್ದಿದ್ದೆವು. ಎರಡು ಯಂತ್ರಗಳಿಗೆ ಲಿನಕ್ಸ್ ಹಾಕಲು ಆಡಳಿತ ಮಂಡಳಿ ಒಪ್ಪಿದೆ. ಉಳಿದ ಆರರ ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ. ಕಾರ್ಯದರ್ಶಿಗಳು ಉಮ್ರಾದಿಂದ ಮರಳಿದ ಮೇಲೆ ಸಭೆಯಂತೆ. ಹೊಸ ಪರದೆ ತೆರೆದುಕೊಂಡಾಗ ಅಧ್ಯಾಪಕಿ ಮೊದಲು ನೋಡಿದ್ದು ಬಲಗಡೆಯ ಕೆಳಮೂಲೆಯನ್ನು. ಅಲ್ಲಿ ಸಮಯ ಮತ್ತು ತಾರೀಖು ಮಾತ್ರ ಇತ್ತು.